ನಗರಸಭೆ ಹೋದರೆ ಗುಂಡಿ ಮುಚ್ಚುವವರು ಯಾರು?

ಹೂಟಗಳ್ಳಿ ನಗರಸಭೆಗೆ ಇನ್ನೂ ಹತ್ತು ವರ್ಷವೂ ತುಂಬಿಲ್ಲ. ಮೈಸೂರಿನ ಅಂಚಿನ ಹೂಟಗಳ್ಳಿ, ಹಿನಕಲ್ ಮುಂತಾದ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ 2020ರಲ್ಲಿ ಅದನ್ನು ರಚಿಸಲಾಯಿತು. ಈಗ ‘ಬೃಹತ್ ಮೈಸೂರು’ ಹೆಸರಿನಲ್ಲಿ ಅದನ್ನೂ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಮಹಾನಗರ ಪಾಲಿಕೆಯಲ್ಲಿ ವಿಲೀನಗೊಳಿಸುವ ಮಾತು ನಡೆದಿದೆ. ಚರ್ಚೆಯೆಲ್ಲ ಗಡಿ, ವಾರ್ಡು, ತೆರಿಗೆಯ ಸುತ್ತಲೇ ಇದೆ. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಕಾಡುವುದು ರಸ್ತೆಯ ಪ್ರಶ್ನೆ.

ದೊಡ್ಡ ರಸ್ತೆಗಳ ಚಿಂತೆ ನನಗಿಲ್ಲ. ಹುಣಸೂರು ಕಡೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 275. ಸ್ಥಳೀಯ ಸಂಸ್ಥೆ ಇದ್ದರೂ ಹೋದರೂ ಅದಕ್ಕೆ ಬೇರೆ ಯಜಮಾನರಿದ್ದಾರೆ. ಆತಂಕ ಇರುವುದು ಬಡಾವಣೆಯ ಅಡ್ಡರಸ್ತೆಗಳ ಬಗ್ಗೆ. ಪಂಚಾಯಿತಿಯಿಂದ ನಗರಸಭೆಗೆ, ಅಲ್ಲಿಂದ ಪಾಲಿಕೆಗೆ ಎಂದರೆ ಕೆಲವೇ ವರ್ಷಗಳಲ್ಲಿ ಅವುಗಳಿಗೆ ಮೂರನೆಯ ಮಾಲೀಕರು. ಪ್ರತಿ ಹಸ್ತಾಂತರದಲ್ಲೂ ಏನೋ ಒಂದು ಕಳೆದುಹೋಗುತ್ತದೆ. ಯಾವ ರಸ್ತೆಗೆ ಯಾವಾಗ ಡಾಂಬರು ಬಿತ್ತು, ಗುತ್ತಿಗೆದಾರ ಉಚಿತವಾಗಿ ದುರಸ್ತಿ ಮಾಡಿಕೊಡಬೇಕಾದ ಅವಧಿ ಇನ್ನೂ ಉಳಿದಿದೆಯೇ ಎಂಬುದು ಕಡತದಲ್ಲಿ ಸಿಗದಿದ್ದರೆ, ಅವನ ಹೊಣೆ ಸದ್ದಿಲ್ಲದೆ ಮುಗಿದುಹೋಗುತ್ತದೆ. ಖರ್ಚು ನಮ್ಮ ತೆರಿಗೆಯ ಮೇಲೆ ಬೀಳುತ್ತದೆ. ಹಳೆಯ ಮೋರಿ ಎಲ್ಲಿ ಹಾದುಹೋಗಿದೆ ಎಂಬುದಂತೂ ಎಷ್ಟೋ ಕಡೆ ನಕ್ಷೆಗಿಂತ ನೀರುಗಂಟಿಯ ನೆನಪಿನಲ್ಲೇ ಹೆಚ್ಚು ಭದ್ರವಾಗಿರುತ್ತದೆ!

ಡಾಂಬರಿನ ದೊಡ್ಡ ಶತ್ರು ನೀರು. ಮೊದಲು ಕೂದಲೆಳೆಯಷ್ಟು ಬಿರುಕು. ಅದರೊಳಗೆ ಮಳೆನೀರು ಇಳಿದು ಕೆಳಗಿನ ಜಲ್ಲಿ ಪದರವನ್ನು ಸಡಿಲಿಸುತ್ತದೆ, ಮೇಲೆ ಚಕ್ರ ಹಾದಾಗಲೆಲ್ಲ ಸಣ್ಣ ಕಣಗಳು ಹೊರಬರುತ್ತವೆ, ಒಂದು ದಿನ ಮೇಲ್ಪದರ ಕುಸಿಯುತ್ತದೆ. ಬಿರುಕಿನ ಹಂತದಲ್ಲಿ ಒಂದಿಷ್ಟು ಬಿಟುಮೆನ್ ಸುರಿದು, ಪಕ್ಕದ ಚರಂಡಿಯ ಹೂಳು ತೆಗೆದರೆ ಸಾಕು. ಗುಂಡಿಯಾದ ಮೇಲೆ ಬುಡದಿಂದ ಅಗೆಯಬೇಕು. ಇಷ್ಟು ಸಣ್ಣ ಕೆಲಸಕ್ಕೆ ಬೇಕಾಗಿರುವುದು ದೊಡ್ಡ ಟೆಂಡರ್ ಅಲ್ಲ, ವಾರಕ್ಕೊಮ್ಮೆ ಆ ಬೀದಿಯಲ್ಲಿ ಓಡಾಡುವ ಒಬ್ಬ ಕಿರಿಯ ಎಂಜಿನಿಯರ್. ಕಚೇರಿ ದೂರವಾದಷ್ಟೂ ಆತ ಬಿರುಕನ್ನು ನೋಡುವ ಸಾಧ್ಯತೆ ಕಡಿಮೆ.

ಬೆಂಗಳೂರಿನ ಅನುಭವ ಕಣ್ಣಮುಂದಿದೆ. 2007ರಲ್ಲಿ ಯಲಹಂಕ, ಬೊಮ್ಮನಹಳ್ಳಿ, ದಾಸರಹಳ್ಳಿ ಸೇರಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳು ಬಿಬಿಎಂಪಿಯಲ್ಲಿ ಲೀನವಾದವು. (ಕೆಂಪೇಗೌಡರ ಯಲಹಂಕವೇ ಬೆಂಗಳೂರಿನ ಒಂದು ವಲಯವಾಯಿತು!) ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ. ಅಲ್ಲಿಯವರೆಗೆ ಬೀದಿಯ ದೂರು ಹೇಳಿಕೊಳ್ಳಲು ಸದಸ್ಯರೇ ಇರಲಿಲ್ಲ. ಸೇರಿಸಿಕೊಂಡ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಕೊಳವೆಗಾಗಿ ಅಗೆದ ರಸ್ತೆಗಳ ಕಥೆ ಅಲ್ಲಿನವರಿಗೆ ಗೊತ್ತು.

ಹಾಗಂತ ನಗರಸಭೆಯೇ ಶಾಶ್ವತವಾಗಿರಲಿ ಎಂದು ನಾನು ಹೇಳುತ್ತಿಲ್ಲ. ಸಣ್ಣ ಸಂಸ್ಥೆಗಳಿಗೆ ಹಣವೂ ಕಡಿಮೆ, ಯಂತ್ರಗಳೂ ಕಡಿಮೆ. ಊರಾಚೆಯ ಚರಂಡಿಯನ್ನು ನಗರದ ಚರಂಡಿಗೆ ಜೋಡಿಸುವುದು ಒಂದೇ ಆಡಳಿತದಡಿ ಸುಲಭ. ಆದರೆ ಮೈಸೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿದೆ ಎಂಬುದನ್ನು ಮರೆಯುವಂತಿಲ್ಲ.

ವಿಲೀನ ಆಗುವುದಾದರೆ, ಅಧಿಸೂಚನೆಗೆ ಮೊದಲು ಪ್ರತಿ ರಸ್ತೆ, ಚರಂಡಿ, ಮೋರಿಯ ಸರ್ವೆ ಆಗಲಿ. ಈಗಿನ ಕಚೇರಿಯಲ್ಲೇ ಒಬ್ಬ ಎಂಜಿನಿಯರ್ ಮತ್ತು ದುರಸ್ತಿ ತಂಡ ಉಳಿಯಲಿ. ಹೊಸ ಪ್ರದೇಶದ ನಿರ್ವಹಣಾ ಹಣವನ್ನು ಮೊದಲ ಕೆಲವು ವರ್ಷ ಪ್ರತ್ಯೇಕವಾಗಿ ಇಡಲಿ, ಇಲ್ಲದಿದ್ದರೆ ಅದು ನಗರದ ಮಧ್ಯದ ರಸ್ತೆಗಳಿಗೇ ಹರಿಯುತ್ತದೆ. ಸರ್ವೆಗೆ ಸಿಬ್ಬಂದಿ ಇಲ್ಲ ಎನ್ನುವುದಾದರೆ ನಮ್ಮನ್ನು ಕರೆಯಲಿ. ಕಾಲೇಜು ಮೈದಾನದ ಸುತ್ತಲೇ ಟೋಟಲ್ ಸ್ಟೇಷನ್ ಹಿಡಿದು ಅಳೆದ ಜಾಗವನ್ನೇ ಅಳೆಯುತ್ತಿರುವ ವಿದ್ಯಾರ್ಥಿಗಳು ಮೈಸೂರಿನಲ್ಲಿ ಬೇಕಾದಷ್ಟು ಇದ್ದೇವೆ.