ಹತ್ತನೆಯವನು, ಮೂವತ್ತೆರಡನೆಯವನು

ಫುಟ್‌ಬಾಲ್ ಎಂದರೆ ನಮಗೆ ಕಾಲಿನಿಂದ ಒದೆಯುವ ಆಟ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ 11 ಜನ. ಚೆಂಡು ಪಡೆದ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಈ 11 ಜನರ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಎದುರಾಳಿ ತಂಡದ ಧಡೂತಿ ಆಳುಗಳು ಮೈಮೇಲೆ ಬೀಳಲು ನುಗ್ಗಿ ಬರುತ್ತಿರುವಾಗ, ಯಾರಿಗೆ ಎಸೆಯಲಿ, ಅಥವಾ ನಾನೇ ಓಡಲೇ ಎಂಬುದನ್ನು ಆತ ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು.

ಹಾಗೆಂದು ಆತ ಮನಬಂದಂತೆ ಆಡುವ ಹಾಗಿಲ್ಲ. ಪ್ರತಿ ತಂಡಕ್ಕೂ ತರಬೇತುದಾರರು ಹೆಣೆದ ಒಂದು ಆಟದ ಪದ್ಧತಿ ಇರುತ್ತದೆ. ಅದಕ್ಕೆ ಅದರದೇ ಪುಸ್ತಕ, ಅದರದೇ ಪರಿಭಾಷೆ. ಕಾಲೇಜಿನಿಂದ ಬಂದ ಹುಡುಗ ಅದನ್ನು ಪಠ್ಯಪುಸ್ತಕದಂತೆ ಕುಳಿತು ಕಲಿಯಬೇಕು. ತರಬೇತುದಾರ ಬದಲಾದರೆ ಪದ್ಧತಿಯೂ ಬದಲಾಗಬಹುದು. ಮತ್ತೆ ಮೊದಲಿನಿಂದ ಪಾಠ.

ವಿದ್ಯಾರ್ಥಿಗಳ ಅಂಕಣಕ್ಕೂ ಈ ಆಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಎಷ್ಟನೇ ರ‍್ಯಾಂಕ್, ಯಾವ ಕಾಲೇಜು ಎಂಬ ಮಾತೇ ನಮ್ಮ ಮನೆಗಳಲ್ಲಿ ತುಂಬಿರುವಾಗ, ಅಲ್ಲಿನ ಐವರು ಹುಡುಗರ ಕಥೆ ಕೇಳುವಂಥದ್ದು.

ಅಮೆರಿಕದ ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರಾ ಸೋತ ತಂಡಕ್ಕೆ ಸಾಮಾನ್ಯವಾಗಿ ಮೊದಲ ಸರದಿ. ಇದೂ ಒಂದು ಬಗೆಯ ರ‍್ಯಾಂಕ್ ಪಟ್ಟಿಯೇ. 2018ರ ಏಪ್ರಿಲ್‌ನಲ್ಲಿ ಮೊದಲ ಸುತ್ತಿನಲ್ಲೇ ಐವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಬೇಕರ್ ಮೇಫೀಲ್ಡ್ 1ನೆಯವನು, ಸ್ಯಾಮ್ ಡಾರ್ನಾಲ್ಡ್ 3ನೆಯವನು, ಜೋಶ್ ಅಲೆನ್ 7ನೆಯವನು, ಜೋಶ್ ರೋಸನ್ 10ನೆಯವನು. ಸುತ್ತಿನ ಕಟ್ಟಕಡೆಯವನಾಗಿ, 32ನೆಯವನು ಲಮಾರ್ ಜಾಕ್ಸನ್.

ಈ ಜಾಕ್ಸನ್ 2016ರಲ್ಲಿ ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದವನು. ಆದರೂ ಆತ ಎಸೆಯುವುದಕ್ಕಿಂತ ಓಡುವುದರಲ್ಲಿ ನಿಪುಣ, ಬೇರೆ ಸ್ಥಾನದಲ್ಲಿ ಆಡುವುದೇ ಲೇಸು ಎಂದು ಬಲ್ಲವರೇ ಉಪದೇಶಿಸಿದ್ದರು. ಆತ ಒಪ್ಪಲಿಲ್ಲ. ಅವನನ್ನು ಆರಿಸಿದ ಬಾಲ್ಟಿಮೋರ್ ರೇವನ್ಸ್ ತಂಡ ಒಂದು ಜಾಣತನ ಮಾಡಿತು. ಹುಡುಗನನ್ನು ಹಳೆಯ ಪದ್ಧತಿಗೆ ಬಗ್ಗಿಸಲಿಲ್ಲ. 2019ರಲ್ಲಿ ಗ್ರೆಗ್ ರೋಮನ್ ಅವರ ಕೈಗೆ ದಾಳಿಯ ಹೊಣೆ ಕೊಟ್ಟು, ಅವನ ಓಟವನ್ನೇ ಆಧಾರವಾಗಿಟ್ಟುಕೊಂಡು ಹೊಸ ಪದ್ಧತಿ ಕಟ್ಟಿತು. ಓಡುತ್ತಾನೋ ಎಸೆಯುತ್ತಾನೋ ಎಂದು ಎದುರಾಳಿ ಅನುಮಾನಿಸುವಷ್ಟರಲ್ಲಿ ಚೆಂಡು ಮುಂದೆ ಹೋಗಿರುತ್ತಿತ್ತು. ಆ ವರ್ಷ ಆತ ಓಡಿದ್ದು 1,206 ಗಜ, ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ದಾಖಲೆ. ಜೊತೆಗೆ 36 ಟಚ್‌ಡೌನ್ ಎಸೆತ. ವರ್ಷದ ಶ್ರೇಷ್ಠ ಆಟಗಾರನ ಆಯ್ಕೆಯಲ್ಲಿ 50 ಮತಗಳೂ ಅವನಿಗೇ ಬಿದ್ದವು.

ಹತ್ತನೆಯವನಾದ ರೋಸನ್‌ನ ಪಾಡು ನೋಡಿ. ಅರಿಜೋನಾ ಕಾರ್ಡಿನಲ್ಸ್ ತಂಡಕ್ಕೆ ಹೋದ ವರ್ಷ ಅಲ್ಲಿ ಮುಖ್ಯ ತರಬೇತುದಾರರೂ ಹೊಸಬರು. ನಡುವೆಯೇ ದಾಳಿಯ ತರಬೇತುದಾರರನ್ನು ತೆಗೆದರು. 16 ಪಂದ್ಯಗಳಲ್ಲಿ 3 ಗೆದ್ದ ಮೇಲೆ ಮುಖ್ಯ ತರಬೇತುದಾರರನ್ನೂ ಕಳಿಸಿದರು. ಹೊಸದಾಗಿ ಬಂದವರು ತಮ್ಮ ಪದ್ಧತಿಗೆ ಒಪ್ಪುವ ಕೈಲರ್ ಮರೆ ಎಂಬ ಹುಡುಗನನ್ನು 2019ರಲ್ಲಿ ಮೊದಲನೆಯವನಾಗಿ ಆರಿಸಿದರು. ರೋಸನ್ ಮಿಯಾಮಿಗೆ ಹೋದ. ಒಂದೇ ವರ್ಷ, ಅಷ್ಟೇ. ಅನಂತರ ತಂಡದಿಂದ ತಂಡಕ್ಕೆ ಅಲೆದರೂ ಎಲ್ಲೂ ಬೇರೂರಲಿಲ್ಲ.

ಎಲ್ಲ ತಪ್ಪೂ ತಂಡದ್ದೇ ಎನ್ನಲಾಗದು. ಬೇರೆಡೆ ಸಿಕ್ಕ ಅವಕಾಶಗಳಲ್ಲೂ ರೋಸನ್ ಮೇಲೇಳಲಿಲ್ಲ. ಆದರೆ ನೆಟ್ಟ ವರ್ಷವೇ ಕಿತ್ತು ನೋಡಿದರೆ ಯಾವ ಸಸಿ ತಾನೇ ಬದುಕೀತು?

ಏಳನೆಯವನಾದ ಅಲೆನ್ ಕ್ಯಾಲಿಫೋರ್ನಿಯಾದ ರೈತನ ಮಗ. ದೊಡ್ಡ ವಿಶ್ವವಿದ್ಯಾಲಯಗಳು ಕರೆಯದೆ ಮೊದಲು ಒಂದು ಕಿರಿಯ ಕಾಲೇಜಿನಲ್ಲಿ ಆಡಿದವನು. ತೋಳಿನಲ್ಲಿ ಅಸಾಧ್ಯ ಶಕ್ತಿ, ಗುರಿ ಮಾತ್ರ ಅಷ್ಟಕ್ಕಷ್ಟೆ. ಮೊದಲ ವರ್ಷ 100 ಎಸೆತಗಳಲ್ಲಿ ಸುಮಾರು 53 ಮಾತ್ರ ಸಂಗಾತಿಗಳ ಕೈ ಸೇರಿದವು. ಬಫಲೋ ಬಿಲ್ಸ್ ತಂಡ ಗಾಬರಿಯಾಗಲಿಲ್ಲ. ಅದೇ ಮುಖ್ಯ ತರಬೇತುದಾರರು, ದಾಳಿಗೂ ಅದೇ ಗುರು. ಮೂರನೆಯ ವರ್ಷ, 2020ರಲ್ಲಿ, ಆ ಸಂಖ್ಯೆ 69 ದಾಟಿತು. 2024ರಲ್ಲಿ ಆತನೇ ವರ್ಷದ ಶ್ರೇಷ್ಠ ಆಟಗಾರ.

ಮೊದಲ ವರ್ಷದ ಅಂಕಪಟ್ಟಿ ಹಿಡಿದು ಮಗನ ಹಣೆಬರಹ ಓದುವ ತಂದೆತಾಯಿಗಳು ಈ 53 ಮತ್ತು 69ರ ನಡುವಿನ ಎರಡು ವರ್ಷಗಳನ್ನು ನೆನೆಯಬೇಕು.

ಮೂರನೆಯವನಾದ ಡಾರ್ನಾಲ್ಡ್ ನ್ಯೂಯಾರ್ಕ್ ಜೆಟ್ಸ್‌ನ ಸೋಲುಗಳ ನಡುವೆ ಬಸವಳಿದು, ಇನ್ನೊಂದು ತಂಡದಲ್ಲೂ ಸೊರಗಿ, 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬದಲಿ ಆಟಗಾರನಾಗಿ ಕುಳಿತ. ಕುಳಿತದ್ದು ವ್ಯರ್ಥವಾಗಲಿಲ್ಲ. 2024ರಲ್ಲಿ ಮಿನ್ನೆಸೋಟಾ ತಂಡ ಅವನ ನೇತೃತ್ವದಲ್ಲಿ 17ರಲ್ಲಿ 14 ಪಂದ್ಯ ಗೆದ್ದಿತು. ಮೊದಲನೆಯವನಾದ ಮೇಫೀಲ್ಡ್ ಕೂಡ ಮೂರು ತಂಡ ಕಂಡ ಮೇಲೆಯೇ ಟ್ಯಾಂಪಾದಲ್ಲಿ ನೆಲೆ ನಿಂತದ್ದು.

ಆಳಿಗೆ ತಕ್ಕ ಪದ್ಧತಿ ಎಂಬುದು ಹೊಸ ಮಾತೇನಲ್ಲ. 1970ರಲ್ಲಿ ಸಿನ್ಸಿನಾಟಿ ತಂಡದ ಬಲಶಾಲಿ ಕ್ವಾರ್ಟರ್‌ಬ್ಯಾಕ್ ಭುಜದ ಗಾಯದಿಂದ ಹೊರಗುಳಿದ. ಬದಲಿಗೆ ಬಂದ ವರ್ಜಿಲ್ ಕಾರ್ಟರ್‌ಗೆ ದೂರ ಎಸೆಯುವ ತೋಳಿರಲಿಲ್ಲ. ಗುರಿಯೂ ಬುದ್ಧಿಯೂ ಇದ್ದವು. ಸಹಾಯಕ ತರಬೇತುದಾರ ಬಿಲ್ ವಾಲ್ಷ್ ಅವನಿಗಾಗಿ ಹತ್ತಿರದ, ಕಾಲ ತಪ್ಪದ ಎಸೆತಗಳ ಪದ್ಧತಿಯೊಂದನ್ನು ರೂಪಿಸಿದರು. ಅದನ್ನೇ ಮುಂದೆ ಸ್ಯಾನ್ ಫ್ರಾನ್ಸಿಸ್ಕೋಗೆ ಒಯ್ದರು. ಅಲ್ಲಿ ಅದನ್ನು ಕಲಿತ ಜೋ ಮೊಂಟಾನಾ 1979ರ ಆಯ್ಕೆಯಲ್ಲಿ 82ನೆಯವನು. ಗೆದ್ದದ್ದು ನಾಲ್ಕು ಸೂಪರ್ ಬೌಲ್. ಒಬ್ಬನ ಕೊರತೆಯನ್ನು ಗುರುವೊಬ್ಬರು ಕಣ್ತೆರೆದು ನೋಡಿದ್ದರಿಂದ ಹುಟ್ಟಿದ ವಿದ್ಯೆ ಅದು.

ವಿದ್ಯಾರ್ಥಿ ಮಿತ್ರರೇ, ಆಯ್ಕೆಯ ದಿನದ ಸಂಖ್ಯೆ ಅಂದು ಇತರರು ನಿಮ್ಮ ಬಗ್ಗೆ ಏನೆಂದುಕೊಂಡರು ಎಂಬುದನ್ನಷ್ಟೇ ಹೇಳುತ್ತದೆ. ಪೋಷಕರೇ, ಕಾಲೇಜಿನ ಹೆಸರು ಕೇಳುವಾಗ ಇನ್ನೆರಡು ಪ್ರಶ್ನೆ ಕೇಳಿ. ನನ್ನ ಮಗುವಿಗೆ ಏನು ಬರುತ್ತದೆ ಎಂದು ಇಲ್ಲಿ ಯಾರಾದರೂ ನೋಡುತ್ತಾರೆಯೇ? ಬಾರದ್ದನ್ನು ಕಲಿಯಲು ಎರಡು ವರ್ಷ ಕೊಡುತ್ತಾರೆಯೇ? ಅವರು ಕೊಡದಿದ್ದರೂ, ಮನೆಯಲ್ಲಿ ನಾವಾದರೂ ಕೊಡೋಣ.