ಗಾಯ ಕಂಡಾಗ ‘ನಾಟಕ’ ಎನ್ನಬೇಡಿ



ಯಾರಾದರೂ ತಮ್ಮ ಮೈಗೆ ತಾವೇ ಗಾಯ ಮಾಡಿಕೊಂಡಿದ್ದಾರೆ ಎಂದು ಗೊತ್ತಾದರೆ ನಮ್ಮಲ್ಲಿ ಎರಡು ಮಾತು ತಯಾರಿರುತ್ತವೆ. ಹುಡುಗಿಯಾದರೆ ‘ನಾಟಕ’, ಹುಡುಗನಾದರೆ ‘ಲವ್ ಫೇಲ್’. ಪದೇ ಪದೇ ತಲೆನೋವು, ಹೊಟ್ಟೆನೋವು ಎನ್ನುವವರಿಗೂ ಇಂಥದ್ದೇ ಒಂದು ಮಾತಿದೆ: ‘ಕ್ಲಾಸ್ ತಪ್ಪಿಸೋಕೆ ನೆಪ’. ಈ ಮಾತುಗಳು ಒಂದಕ್ಕೊಂದು ಸಂಬಂಧಿಸಿವೆ ಎಂಬುದು ನನ್ನ ಅಭಿಪ್ರಾಯ. ನಾವು ನಂಬದೆ ಬಿಟ್ಟ ನೋವು ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ.

ಕನ್ನಡದಲ್ಲಿ ಕಾಲು ಮುರಿದರೂ ನೋವು, ಅಪ್ಪ ಬೈದರೂ ನೋವು. ಎರಡಕ್ಕೂ ಒಂದೇ ಪದ. ಮನೆಯಲ್ಲಿ ದಖನಿ ಆಡುವ ನಾವು ‘ದಿಲ್ ಘಬ್ರಾರಾ’ ಎನ್ನುತ್ತೇವೆ. ಪಕ್ಕದ ಮನೆಯವರು ‘ಎದಿ ಭಾರ ಆಗ್ಯದ’ ಎನ್ನುತ್ತಾರೆ. ಮನಸ್ಸಿನ ಸಂಕಟವನ್ನು ಹೇಳಲು ನಮಗೆ ಎದೆ, ಹೊಟ್ಟೆ, ತಲೆಯೇ ಬೇಕು. ವಿಜ್ಞಾನವೂ ಇದನ್ನು ಅಲ್ಲಗಳೆಯುವುದಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 1979ರಲ್ಲಿಯೇ ನೋವನ್ನು ಮೈಯ ಸಂವೇದನೆ ಮಾತ್ರವಲ್ಲ, ಭಾವನೆಯ ಅನುಭವವೂ ಹೌದು ಎಂದು ವಿವರಿಸಿತು. 2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟದಿಂದ ಒಬ್ಬರನ್ನು ಹೊರಗಿಟ್ಟರೆ, ಮೈ ನೋಯುವಾಗ ಎಚ್ಚರಗೊಳ್ಳುವ ಮಿದುಳಿನ ಒಂದು ಭಾಗ ಆಗಲೂ ಎಚ್ಚರಗೊಂಡಿತ್ತು. ಬೆಂಚಿನಲ್ಲಿ ಯಾರೂ ಪಕ್ಕ ಕೂರದಿದ್ದಾಗ ಆಗುವ ನೋವು ಸುಳ್ಳಲ್ಲ ಎಂದಾಯಿತು.

ಹೀಗೆ ಎರಡು ನೋವುಗಳು ಅಕ್ಕಪಕ್ಕದ ಮನೆಯವುಗಳಂತಿರುವುದರಿಂದ ಒಂದರ ಬೆಂಕಿ ಇನ್ನೊಂದಕ್ಕೆ ಹತ್ತುತ್ತದೆ. ತಿಂಗಳುಗಟ್ಟಲೆ ಮೈ ನೋಯುತ್ತಿದ್ದರೆ ನಿದ್ದೆ ಹೋಗುತ್ತದೆ, ಓದು ಹೋಗುತ್ತದೆ, ‘ನಾನು ಎಲ್ಲರಿಗೂ ಭಾರ’ ಎಂಬ ಯೋಚನೆ ಬರುತ್ತದೆ. ಮತ್ತೊಂದು ಕಡೆಯಿಂದ, ಮನಸ್ಸಿನ ಸಂಕಟ ತಾಳಲಾರದವರು ಅದನ್ನು ಮರೆಯಲು ಮೈಗೆ ನೋವು ಮಾಡಿಕೊಳ್ಳುತ್ತಾರೆ. ಅದರಿಂದ ಸಂಕಟ ತೀರುವುದಿಲ್ಲ. ನಾಚಿಕೆಯೂ ಬಚ್ಚಿಡುವ ಭಯವೂ ಹಳೆಯ ಸಂಕಟದ ಮೇಲೆ ಕೂತು ಹೊರೆ ಇನ್ನಷ್ಟು ಹೆಚ್ಚುತ್ತದೆ. ಬಹಳ ಮಂದಿ ಗಾಯವನ್ನು ಮುಚ್ಚಿಡುತ್ತಾರೆ. ನೋಡುವವರೇ ಇಲ್ಲದ ಕಡೆ ನಾಟಕ ಯಾರಿಗಾಗಿ? ಹೀಗೆ ಮಾಡಿಕೊಳ್ಳುವ ಎಲ್ಲರೂ ಸಾಯಬೇಕೆಂದು ಬಯಸುವುದಿಲ್ಲ. ಆದರೆ ಮುಂದೆ ಜೀವಕ್ಕೆ ಅಪಾಯ ಹೆಚ್ಚುವುದು ನಿಜ, ಆದ್ದರಿಂದ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ನನ್ನ ಖಾಲಾ ಮಗಳೊಬ್ಬಳಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಪ್ರತಿ ತಿಂಗಳು ಮುಟ್ಟಿನ ದಿನಗಳಲ್ಲಿ ಹೊಟ್ಟೆನೋವಿನಿಂದ ಏಳಲಾಗುತ್ತಿರಲಿಲ್ಲ. ‘ಎಲ್ಲರಿಗೂ ಆಗ್ತದ, ತಡಕೋ’ ಎಂದರು. ಒಂದು ದಿನ ಅವಳ ಗೆಳತಿ ತೋಳಿನ ಗಾಯ ನೋಡಿ, ಕೂಗಾಡದೆ ಕೇಳಿದಳು. ‘ಹೊಟ್ಟಿನೋವು ಯಾರಿಗೂ ಕಾಣ್ತಿದ್ದಿಲ್ಲ’ ಎಂದಷ್ಟೇ ಉತ್ತರ. ಗೆಳತಿ ಅವಳನ್ನು ಕರೆದುಕೊಂಡೇ ಖಾಲಾಗೆ ವಿಷಯ ತಿಳಿಸಿದಳು. ಹೊಟ್ಟೆಗೂ ಮನಸ್ಸಿಗೂ ಚಿಕಿತ್ಸೆ ಆಯಿತು. ಈಗ ಡಿಗ್ರಿ ಓದುತ್ತಿದ್ದಾಳೆ.

ನಮ್ಮ ಮನೆಗಳಲ್ಲಿ ಕೇಳಿಬರುವ ಇನ್ನೊಂದು ಮಾತು ‘ಗುನಾಹ್’. ದೇಹ ಅಲ್ಲಾಹನು ಕೊಟ್ಟ ಅಮಾನತ್ತು, ಅದಕ್ಕೆ ಹಾನಿ ಮಾಡಬಾರದು ಎಂದು ನಾನೂ ನಂಬುತ್ತೇನೆ. ಆದರೆ ಅಮಾನತ್ತು ಎಂದರೆ ಕಾಪಾಡಬೇಕಾದ ವಸ್ತು. ಬೇರೆಯವರ ಅಮಾನತ್ತು ಕೆಟ್ಟುಹೋಗುತ್ತಿರುವುದನ್ನು ಕಂಡು ಬೈದು ಹೋಗುತ್ತೇವೆಯೇ, ಕೈ ಹಚ್ಚಿ ಉಳಿಸುತ್ತೇವೆಯೇ? ಕಾಯಿಲೆಗೆ ಮದ್ದು ಮಾಡಿಸಿರಿ ಎಂದು ಪ್ರವಾದಿಯವರೇ ಹೇಳಿದ್ದಾರೆ. ದುವಾ ಮಾಡೋಣ, ಡಾಕ್ಟರ ಹತ್ತಿರವೂ ಹೋಗೋಣ.

‘ಮನಸ್ಸಿನ ಡಾಕ್ಟರು ಬೆಂಗಳೂರಿನಲ್ಲಿ, ನಾವು ಕಲ್ಮಲದಲ್ಲಿ’ ಎನ್ನಬೇಡಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ದೇವದುರ್ಗ, ಮಾನ್ವಿ ಕಡೆಯಿಂದ ಬರುವವರು ತಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಳ್ಳಿ. ರಾಯಚೂರಿನಲ್ಲಿ ರಿಮ್ಸ್ ಇದೆ. ಬಸ್ಸಿಗೆ ದುಡ್ಡಿಲ್ಲದಿದ್ದರೂ ಟೆಲಿ ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

‘ಪೊಲೀಸ್ ಕೇಸ್ ಆಗ್ತದ’ ಎಂದು ಮುಚ್ಚಿಡುವ ಮನೆಗಳೂ ಇವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಕರ್ತವ್ಯ. ಹೆದರಿ ತಡ ಮಾಡಬೇಡಿ.

ನಮ್ಮ ಆಡಳಿತ ಮಂಡಳಿಗೂ ಪ್ರಾಂಶುಪಾಲರಿಗೂ ನನ್ನ ಮನವಿ ದೊಡ್ಡದೇನಲ್ಲ. 14416 ಅನ್ನು ನೋಟಿಸ್ ಬೋರ್ಡಿನಲ್ಲಿ, ಹುಡುಗಿಯರ ಕೋಣೆಯಲ್ಲಿ ದೊಡ್ಡದಾಗಿ ಬರೆಸಿ. ಮೈ ನೋಯುತ್ತಿರುವವರಿಗೆ ಒಂದು ಗಂಟೆ ಮಲಗಲು ಜಾಗ ಕೊಡಿ. ಗಾಯ ಕಂಡಾಗ ಮನೆಯವರಿಗೆ ತಿಳಿಸಲೇಬೇಕು. ಆದರೆ ಮೊದಲು ವಿದ್ಯಾರ್ಥಿಯ ಮಾತು ಕೇಳಿ, ಎಲ್ಲರೆದುರು ನಿಲ್ಲಿಸಬೇಡಿ.

ಗೆಳೆಯರಿಗೆ ಹೇಳುವುದು ಇಷ್ಟು. ‘ತೋರಿಸು’ ಎಂದು ತೋಳು ಎಳೆಯಬೇಡಿ, ‘ಏನಾಗ್ಯದ, ಎಲ್ಲಿ ನೋಯ್ತದ?’ ಎಂದು ಕೇಳಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ‘ಯಾರಿಗೂ ಹೇಳಲ್ಲ’ ಎಂದು ಕಸಮ್ ಮಾತ್ರ ಹಾಕಬೇಡಿ. ನಂಬಿಕೆಯ ಒಬ್ಬ ದೊಡ್ಡವರಿಗೆ ಅವತ್ತೇ ತಿಳಿಸಿ. ಈ ಸಾಲು ಓದುತ್ತಿರುವ ನಿಮಗೇ ಹಾಗೆ ಅನಿಸುತ್ತಿದ್ದರೆ, ನಿಮ್ಮ ನೋವು ನಿಜ. ಇವತ್ತೇ ಒಬ್ಬರಿಗೆ ಹೇಳಿ.