ಘರ್ಷಣೆ ಪಾಠಕ್ಕೆ ಸೈಕಲ್ ತನ್ನಿ

8ನೇ ತರಗತಿಯ ಘರ್ಷಣೆ ಪಾಠದಲ್ಲಿ ಸೈಕಲ್ ಬ್ರೇಕಿನ ಮಾತು ಬರುತ್ತದೆ. ಲಿವರ್ ಒತ್ತಿದರೆ ಬ್ರೇಕ್ ರಬ್ಬರ್ ರಿಮ್ಮನ್ನು ಹಿಡಿಯುತ್ತದೆ, ಚಕ್ರ ನಿಲ್ಲುತ್ತದೆ ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ನಮ್ಮ ಪಾಠಯೋಜನೆಗಳ ಬೋಧನೋಪಕರಣದ ಕಾಲಂನಲ್ಲಿ ಗೋಲಿ, ಮರಳು ಕಾಗದ, ಚಾರ್ಟ್ ಇರುತ್ತವೆ. ಶಾಲೆಯ ಗೋಡೆಗೆ ಒರಗಿಸಿಟ್ಟ ಸೈಕಲ್ ಇರುವುದಿಲ್ಲ. ಕೊಡಗಿನಲ್ಲಾದರೂ ಅದು ಇರಬೇಕು. ಬಯಲುಸೀಮೆಯಲ್ಲಿ ಬ್ರೇಕ್ ಸಡಿಲವಾದರೆ ಕಾಲೂರಿ ನಿಲ್ಲಿಸಬಹುದು. ಇಲ್ಲಿನ ಇಳಿಜಾರಿನಲ್ಲಿ, ಜುಲೈ ಮಳೆಯಲ್ಲಿ, ತಿರುವಿನಾಚೆಯಿಂದ ಜೀಪು ಬರುವಾಗ ಅದು ನಡೆಯದು.

2006-07ರಲ್ಲಿ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ನಾನೂ ಅದನ್ನು ತುಳಿದವನೇ. ಬ್ರೇಕ್ ಹೊಂದಿಸುವುದನ್ನು ಮಾತ್ರ ಶಾಲೆಯಲ್ಲಿ ಯಾರೂ ಹೇಳಿಕೊಟ್ಟ ನೆನಪಿಲ್ಲ.

ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲು ಚಕ್ರ ನೇರವಾಗಿ ಕೂತಿದೆಯೇ, ಬಿಗಿಯಾಗಿದೆಯೇ ನೋಡಬೇಕು. ಚಕ್ರವೇ ಓರೆಯಾಗಿದ್ದರೆ ಬ್ರೇಕನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಆಮೇಲೆ ರಬ್ಬರ್. ಅದರ ಇಡೀ ಮುಖ ರಿಮ್ಮಿನ ಮೇಲೇ ಕೂರಬೇಕು. ಮೇಲೆ ಹೋದರೆ ಟೈರನ್ನು ತಿನ್ನುತ್ತದೆ, ಕೆಳಗಿಳಿದರೆ ಕಡ್ಡಿಗಳತ್ತ ಜಾರುತ್ತದೆ. ಕಿರುಗುಟ್ಟುತ್ತಿದ್ದರೆ ರಬ್ಬರಿನ ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ತಾಗುವಂತೆ ತಿರುಗಿಸಿ. ಕೊನೆಗೆ ವೈರ್: ಎರಡೂ ಕಡೆ ಸುಮಾರು 2 ಮಿ.ಮೀ. ಅಂತರ ಬಿಟ್ಟು ನಟ್ ಬಿಗಿ ಮಾಡಬೇಕು. ಪೂರ್ತಿ ಒತ್ತಿದಾಗಲೂ ಲಿವರ್ ಹ್ಯಾಂಡಲ್ಲಿಗೆ ಮುಟ್ಟಬಾರದು.

ಇಷ್ಟರಲ್ಲಿ ವಿಜ್ಞಾನ ಎಲ್ಲಿದೆ ಎಂದು ಕೇಳುವವರಿಗೆ: ಚೈನಿಗೆ ಎಣ್ಣೆ ಹಾಕುತ್ತೇವೆ, ರಿಮ್ಮಿಗೆ ಹಾಕಬಾರದು. ಏಕೆ? ಒದ್ದೆ ರಿಮ್ಮನ್ನು ರಬ್ಬರ್ ತಕ್ಷಣ ಹಿಡಿಯದು. ನೀರು ಒರೆಸಿಹೋಗಲು ಚಕ್ರ ಕೆಲವು ಸುತ್ತು ತಿರುಗಬೇಕು. ಹಾಗಾದರೆ ಮಳೆಯಲ್ಲಿ ತಿರುವಿಗೆ ಎಷ್ಟು ಮೊದಲು ಬ್ರೇಕ್ ಮುಟ್ಟಬೇಕು? ಹ್ಯಾಂಡಲ್ಲಿನ ಮೇಲ್ಭಾಗದಲ್ಲಿ ಕೈಯಿಟ್ಟು ಒಂದು ಸಲ, ಕೆಳಗಿನ ಬಾಗಿನಲ್ಲಿ ಹಿಡಿದು ಇನ್ನೊಂದು ಸಲ ಲಿವರ್ ಒತ್ತಿಸಿ ನೋಡಿ. ಕೆಳಗಿನಿಂದ ಒತ್ತಿದಾಗ ಬೆರಳು ಲಿವರಿನ ತುದಿಯಲ್ಲಿ, ತಿರುಗುವ ಮೊಳೆಯಿಂದ ದೂರದಲ್ಲಿರುತ್ತದೆ. ಅದೇ ಬಲಕ್ಕೆ ಹಿಡಿತ ಹೆಚ್ಚು. ಸನ್ನೆಯ ತತ್ವವನ್ನು ಕರಿಹಲಗೆಯ ಮೇಲೆ ಬರೆಯುವ ಮೊದಲೇ ಬೆರಳು ಕಲಿತಿರುತ್ತದೆ. ಕಡಿದಾದ ಇಳಿಜಾರಿನಲ್ಲಿ ಕೈ ಎಲ್ಲಿರಬೇಕೆಂಬುದಕ್ಕೆ ಬೇರೆ ಪಾಠ ಬೇಡ.

“ಅದು ಸೈಕಲ್ ಶಾಪಿನವರ ಕೆಲಸ, 40 ನಿಮಿಷದಲ್ಲಿ ಮುಗಿಯುವುದಿಲ್ಲ” ಎನ್ನುವ ಸಹಪಾಠಿಗಳಿದ್ದಾರೆ. ಶಾಪ್ ಇರುವುದು ಪೇಟೆಯಲ್ಲಿ. ವೈರ್ ಸಡಿಲವಾಗುವುದು ತೋಟದ ದಾರಿಯಲ್ಲಿ. ಅವಧಿಯ ಮಾತು ಮಾತ್ರ ನಿಜ, ಒಂದು ಅವಧಿ ಸಾಲದು. ವೀಕ್ಷಣೆಗೆ ಬರುವ ಉಪನ್ಯಾಸಕರು ಈ ಪಾಠಕ್ಕೆ ಎರಡು ಅವಧಿ ಒಪ್ಪಬೇಕು, ತರಗತಿ ಅಂಗಳಕ್ಕೆ ಬಂದದ್ದಕ್ಕೆ ಶಿಸ್ತಿನ ಅಂಕ ಕಳೆಯಬಾರದು. ನಮ್ಮ ಕಡೆಯಿಂದ ಒಂದು ಎಚ್ಚರ: ಮಕ್ಕಳು ಬಿಗಿ ಮಾಡಿದ ಪ್ರತಿ ನಟ್ಟನ್ನೂ ಶಿಕ್ಷಕರು ತಾವೇ ಮುಟ್ಟಿ ನೋಡಿ, ಸಮತಟ್ಟಾದ ಜಾಗದಲ್ಲಿ ಸೈಕಲ್ ತಳ್ಳಿ ಎರಡೂ ಬ್ರೇಕ್ ಪರೀಕ್ಷಿಸಿದ ಮೇಲೆಯೇ ಯಾರನ್ನಾದರೂ ಹತ್ತಿಸಬೇಕು.